ರಂಜಾನಿಗೆ ಹಗಲೂ ಇದೆ ಸ್ವಾಮಿ!

ರಂಜಾನ್ ತಿಂಗಳು ಹತ್ತಿರ ಬಂತೆಂದರೆ ನನಗೆ ಎರಡು ಥರದ ಉಪದೇಶ ಸಿಗುತ್ತದೆ.

ಮೊದಲನೆಯದು ನಮ್ಮೂರಿನ ಹಿರಿಯರದು. "ರಂಜಾನದಾಗ ಹೈದ್ರಾಬಾದಿಗಿ ಯಾಕ ಹೋಗ್ತಿ ತಮ್ಮಾ? ಹಗಲಿಗಿ ಒಂದು ಕಪ್ ಚಾ ಭೀ ಸಿಗಂಗಿಲ್ಲ. ಹಬ್ಬ ಮುಗೀಲಿ, ಆಮ್ಯಾಲ ಹೋಗು."

ಎರಡನೆಯದು ಬೆಂಗಳೂರಿನ ಗೆಳೆಯರದು. "ಮಗಾ, ಹೋದ್ರೆ ರಂಜಾನಲ್ಲೇ ಹೋಗ್ಬೇಕು! ಸಂಜೆ ಆರಕ್ಕೆ ಚಾರ್ಮಿನಾರ್ ಹತ್ರ ಇಳಿ, ರಾತ್ರಿ ಎರಡರವರೆಗೂ ತಿಂತಾನೇ ಇರು. ಹಗಲು ರೂಮಲ್ಲಿ ಮಲಗು, ನೋಡೋಕೆ ಏನೂ ಇರಲ್ಲ."

ಒಬ್ಬರು ಹೋಗಬೇಡ ಅನ್ನುತ್ತಾರೆ, ಇನ್ನೊಬ್ಬರು ಹೋಗಲೇಬೇಕು ಅನ್ನುತ್ತಾರೆ. ಆದರೆ ಸ್ವಲ್ಪ ಯೋಚಿಸಿ ನೋಡಿ, ಇಬ್ಬರೂ ಹೇಳುತ್ತಿರುವುದು ಒಂದೇ ಮಾತು: ರಂಜಾನಿನ ಹಗಲಿನಲ್ಲಿ ಅಲ್ಲಿ ಏನೂ ಇಲ್ಲ. ನನ್ನ ಜಗಳ ಇರುವುದು ಈ ಮಾತಿನ ಜೊತೆಗೇ.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಆಮೇಲೆ ಗೊಂದಲ ಬೇಡ. ನಮ್ಮೂರು ರಾವೂರ. ಚಿತ್ತಾಪುರ ತಾಲೂಕು, ವಾಡಿ ಜಂಕ್ಷನ್ ಪಕ್ಕದಲ್ಲೇ. ಬೆಂಗಳೂರಿಗೆ ಹೋಗಬೇಕೆಂದರೆ ನಾವು ರಾತ್ರಿಯಿಡೀ ರೈಲಿನಲ್ಲಿ ಕೂರಬೇಕು. ಹೈದರಾಬಾದಿಗೆ ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಸಲೀಸಾಗಿ ಮುಟ್ಟುತ್ತೇವೆ. ದೊಡ್ಡ ದವಾಖಾನೆ, ಮದುವೆ ಜವಳಿ, ಏನಾದರೂ ಕೆಲಸ... ನಮ್ಮ ಕಡೆಯವರಿಗೆ ಮೊದಲು ನೆನಪಾಗುವ ದೊಡ್ಡ ಊರು ಅದೇ. ಎರಡನೆಯ ಮಾತು, ನಾನು ಸಸ್ಯಾಹಾರಿ. ಹಾಗಾಗಿ "ಹಲೀಮ್ ತಿನ್ನದಿದ್ರೆ ರಂಜಾನಲ್ಲಿ ಹೈದರಾಬಾದಿಗೆ ಹೋಗಿ ಏನ್ ಪ್ರಯೋಜನ?" ಎಂಬ ಪ್ರಶ್ನೆಯನ್ನು ಸಾಕಾಗುವಷ್ಟು ಕೇಳಿಸಿಕೊಂಡಿದ್ದೇನೆ. ಹಲೀಮ್ ತಿನ್ನದವನಿಗೆ ಆ ತಿಂಗಳಲ್ಲಿ ಆ ಊರು ನೋಡುವ ಹಕ್ಕೇ ಇಲ್ಲವೇನೋ ಅನ್ನುವ ಹಾಗೆ ಕೇಳುತ್ತಾರೆ ಮಹಾರಾಯರು! ಮಾಂಸ ತಿನ್ನುವವರ ಮೇಲೆ ನನಗೆ ಯಾವ ತಕರಾರೂ ಇಲ್ಲ. ತಕರಾರಿರುವುದು ಒಂದು ಇಡೀ ತಿಂಗಳನ್ನು ಒಂದು ಪ್ಲೇಟಿಗೆ ಇಳಿಸುವವರ ಮೇಲೆ.

ಮೊದಲು "ಏನೂ ಸಿಗಂಗಿಲ್ಲ" ಎನ್ನುವವರ ವಿಚಾರ ನೋಡೋಣ.

"ಅದು ಮುಸ್ಲಿಮರ ಊರು" ಅಂತ ಮಾತು ಶುರುವಾಗುತ್ತದೆ. 2011ರ ಜನಗಣತಿಯ ಪ್ರಕಾರ ಹೈದರಾಬಾದ್ ಜಿಲ್ಲೆಯಲ್ಲಿ ಮುಸ್ಲಿಮರು ಶೇಕಡ 43ರಷ್ಟು. ಚಾರ್ಮಿನಾರ್ ಸುತ್ತಲಿನ ಹಳೇ ಶಹರದಲ್ಲಿ ಅವರೇ ಹೆಚ್ಚು, ಅದು ನಿಜ. ಆದರೆ ಮೂಸಿ ನದಿ ದಾಟಿ ಈ ಕಡೆ ಬಂದರೆ ರಂಜಾನ್ ಮಧ್ಯಾಹ್ನವೂ ಇಡ್ಲಿ, ದೋಸೆ, ಊಟ ಎಲ್ಲವೂ ಎಂದಿನಂತೆ ನಡೆದಿರುತ್ತದೆ. ಹಳೇ ಶಹರದ ಒಳಗೂ ಎಲ್ಲ ಮುಚ್ಚಿರುವುದಿಲ್ಲ. ಕೆಲವು ಹೋಟೆಲುಗಳು ಹಗಲು ಬಾಗಿಲು ತೆಗೆಯುವುದಿಲ್ಲ, ಕೆಲವು ಬಾಗಿಲಿಗೆ ಪರದೆ ಇಳಿಬಿಟ್ಟು ಒಳಗೆ ಚಹಾ ಕೊಡುತ್ತವೆ. ಪರದೆ ಸರಿಸಿ ಒಳಗೆ ಹೋಗಿ ಕೂತರೆ ಆಯಿತು. ಇಷ್ಟೇ ನೋಡ್ರಿ "ಏನೂ ಸಿಗಂಗಿಲ್ಲ" ಅನ್ನುವುದರ ಕಥೆ.

ಇನ್ನೊಂದು ಮಾತು. ಪಾಕಿಸ್ತಾನದಲ್ಲಿ ರೋಜಾ ಹೊತ್ತಿನಲ್ಲಿ ಸಾರ್ವಜನಿಕವಾಗಿ ತಿನ್ನಬಾರದೆಂದು 1981ರಲ್ಲಿ ಸುಗ್ರೀವಾಜ್ಞೆಯೇ ಬಂತು. ದುಬೈಯಲ್ಲಿ ಹಗಲು ಊಟ ಕೊಡುವ ಹೋಟೆಲುಗಳು ಪರದೆ ಕಟ್ಟಲೇಬೇಕೆಂಬ ನಿಯಮವಿತ್ತು, 2021ರಲ್ಲಿ ಅವರೂ ಅದನ್ನು ಕೈಬಿಟ್ಟರು. ಹೈದರಾಬಾದಿನಲ್ಲಿ ಅಂಥ ಕಾನೂನು ಇಲ್ಲ. ಪೋಲೀಸರು ನಿಮ್ಮ ಕೈಯಿಂದ ಸಮೋಸ ಕಿತ್ತುಕೊಳ್ಳುವುದಿಲ್ಲ. ಇರುವುದು ಬರೀ ಮರ್ಯಾದೆ. ಎದುರಿಗೆ ಬೆಳಗಿನಿಂದ ನೀರು ಕುಡಿಯದವನು ಕೂತಿದ್ದಾಗ ನಾವು ಅವನ ಮುಖದ ಮುಂದೆ ಬಾಟಲಿ ಎತ್ತಿ ಗಟಗಟ ಕುಡಿಯುವುದಿಲ್ಲ. ಇದನ್ನು ಯಾರೂ ನಮಗೆ ಹೇಳಿಕೊಡಬೇಕಿಲ್ಲ. ಮನೆಯಲ್ಲಿ ಅವ್ವ ಒಪ್ಪತ್ತು ಮಾಡಿದ ದಿನ ಅವಳ ಎದುರು ಕೂತು ಚಪ್ಪರಿಸಿಕೊಂಡು ತಿಂದವರು ನಮ್ಮಲ್ಲಿ ಯಾರಿದ್ದಾರೆ?

ಅಷ್ಟಕ್ಕೂ ಉಪವಾಸ ನಮಗೇನು ಹೊಸದೇ? ಶಿವರಾತ್ರಿ ಇದೆ, ಏಕಾದಶಿ ಇದೆ, ಶ್ರಾವಣ ಸೋಮವಾರ ಇದೆ. ಶ್ರಾವಣದಲ್ಲಿ ತಿಂಗಳಿಡೀ ಮಾಂಸ ಬಿಡುವ ಮನೆಗಳು ನಮ್ಮ ಓಣಿಯಲ್ಲೇ ಎಷ್ಟಿಲ್ಲ! ಏಕಾದಶಿ ದಿನ ಉಡುಪಿಗೆ ಹೋಗಬೇಡಿ, ಅನ್ನ ಸಿಗುವುದಿಲ್ಲ ಅಂತ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಅಲ್ಲಿ ಅದು ವ್ರತ. ಇಲ್ಲಿ ಮಾತ್ರ ಅನಾನುಕೂಲ!

"ಟ್ರಾಫಿಕ್ ಜಾಮ್ ಆಗ್ತದ" ಅನ್ನುವವರೂ ಇದ್ದಾರೆ. ಆಗುತ್ತದೆ, ಸುಳ್ಳಲ್ಲ. ತಿಂಗಳ ಕೊನೆಯ ಶುಕ್ರವಾರ ಮೆಕ್ಕಾ ಮಸೀದಿ ತುಂಬಿ, ನಮಾಜಿನ ಸಾಲು ಚಾರ್ಮಿನಾರಿನ ರಸ್ತೆವರೆಗೂ ಬರುತ್ತದೆ. ಗಾಡಿಗಳನ್ನು ಬೇರೆ ದಾರಿಗೆ ತಿರುಗಿಸುತ್ತಾರೆ. ಕಲಬುರಗಿಯಲ್ಲಿ ಶರಣಬಸವೇಶ್ವರ ತೇರು ಎಳೆಯುವ ದಿನ ಆ ರಸ್ತೆಯಲ್ಲಿ ನಿಮ್ಮ ಕಾರು ಹೋಗುತ್ತದೆಯೇ? ನಮ್ಮ ರಾವೂರಿನ ಮಠದ ಜಾತ್ರೆಯ ದಿನ? ಆ ದಿನ ನಾವೇ ಪರ ಊರಿನ ನೆಂಟರಿಗೆ ಫೋನ್ ಮಾಡಿ, ಜಾತ್ರೆ ಅದ ಬರ್ರಿ ಅಂತ ಕರೆಯುತ್ತೇವಲ್ಲ!

ಸರಿ, ಇನ್ನು ಎರಡನೆಯವರ ಕಡೆ ಬರೋಣ. ಇವರ ಮೇಲೆ ನನಗೆ ಸ್ವಲ್ಪ ಹೆಚ್ಚೇ ಸಿಟ್ಟು. ಯಾಕಂದ್ರೆ ಇವರು ತಮ್ಮನ್ನು ತಾವು ಬಹಳ ಉದಾರಿಗಳು ಅಂದುಕೊಂಡಿದ್ದಾರೆ. "ನಾವು ಎಲ್ಲ ಧರ್ಮದ ಹಬ್ಬ ಎಂಜಾಯ್ ಮಾಡ್ತೀವಿ" ಅನ್ನುತ್ತಾರೆ. ಅವರ ಫೋಟೋಗಳನ್ನು ನೋಡಿ. ಹಲೀಮ್, ಕಬಾಬ್, ಪತ್ಥರ್ ಕಾ ಗೋಷ್ತ್, ಖುಬಾನಿ ಕಾ ಮೀಠಾ, ಮತ್ತೆ ಹಲೀಮ್. ಕೊನೆಗೆ ದೀಪ ಹಾಕಿದ ಚಾರ್ಮಿನಾರ್. ಮನುಷ್ಯರು ಎಲ್ಲಿ? ಬಾಣಲೆಯ ಹಿಂದೆ ಅರ್ಧ ಮುಖ ಕಾಣಿಸಿದರೆ ನಮ್ಮ ಪುಣ್ಯ.

ಆ ಹಲೀಮ್ ಎಲ್ಲಿಂದ ಬಂತು ಅಂತಲಾದರೂ ಕೇಳಿದ್ದಾರಾ? ಅರಬ್ ದೇಶದ ಹರೀಸ್ ಎಂಬ ಗೋಧಿ–ಮಾಂಸದ ಅಡುಗೆ ಅದರ ಮೂಲ. ನಿಜಾಮನ ಸೈನ್ಯದಲ್ಲಿದ್ದ ಅರಬ್ ಸಿಪಾಯಿಗಳ ಜೊತೆ ಈ ಕಡೆ ಬಂತು. ಅವರ ವಂಶದವರು ಇಂದಿಗೂ ಇರುವ ಬಾರ್ಕಸ್ ಬಡಾವಣೆಯ ಹೆಸರು ಬ್ಯಾರಕ್ಸ್ ಎಂಬುದರಿಂದಲೇ ಬಂದದ್ದು. 2010ರಲ್ಲಿ ಹೈದರಾಬಾದಿ ಹಲೀಮಿಗೆ ಭೌಗೋಳಿಕ ಗುರುತಿನ ಪಟ್ಟ (ಜಿಐ) ಸಿಕ್ಕಿತು. ನಮ್ಮ ದೇಶದಲ್ಲಿ ಒಂದು ಮಾಂಸದ ಅಡುಗೆಗೆ ಅದು ಸಿಕ್ಕಿದ್ದು ಅದೇ ಮೊದಲು.

ಅದನ್ನು ಮಾಡುವುದು ಹೇಗೆ? ಗೋಧಿ, ಬೇಳೆ, ಮಾಂಸ, ತುಪ್ಪ, ಮಸಾಲೆ ಎಲ್ಲ ಹಾಕಿ, ಮಣ್ಣಿನ ಭಟ್ಟಿಯ ಮೇಲೆ ದೊಡ್ಡ ದೇಗಿನಲ್ಲಿ ಹತ್ತು–ಹನ್ನೆರಡು ಗಂಟೆ ಬೇಯಿಸಬೇಕು. ಉದ್ದ ಹಿಡಿಕೆಯ ಮರದ ಘೋಟ್ನಿ ಹಿಡಿದು ಕುಟ್ಟಿ ಕುಟ್ಟಿ ಮಾಂಸ, ಗೋಧಿ ಬೇರೆ ಬೇರೆ ಅನ್ನಿಸದ ಹಾಗೆ ಮಾಡಬೇಕು. ಸಂಜೆ ಆರಕ್ಕೆ ನಿಮ್ಮ ಕೈಗೆ ಪ್ಲೇಟ್ ಬರಬೇಕೆಂದರೆ ಬೆಳಗಿನ ಜಾವದಿಂದ ಯಾರೋ ಆ ಬೆಂಕಿಯ ಮುಂದೆ ನಿಂತಿರುತ್ತಾರೆ. ಅವರಲ್ಲಿ ಎಷ್ಟೋ ಮಂದಿ ರೋಜಾ ಇದ್ದವರೇ. ಅಂದರೆ ಆ ಭಟ್ಟಿಯ ಎದುರು ನಿಂತವನು ನೀರನ್ನೂ ಕುಡಿದಿಲ್ಲ, ಅಡುಗೆಯ ರುಚಿಯನ್ನೂ ನೋಡಿಲ್ಲ! 2018, 2019ರಲ್ಲಿ ರಂಜಾನ್ ಬಂದದ್ದು ಮೇ ತಿಂಗಳ ಸುಡು ಬಿಸಿಲಿನಲ್ಲಿ. ನಮ್ಮ ಕಡೆಯ ಮೇ ತಿಂಗಳು ಅಂದ್ರೆ ಏನಂತ ಪರಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡಿದವರನ್ನು ಕೇಳಬೇಕು. ಹೈದರಾಬಾದಿನದೂ ಹೆಚ್ಚು ಕಡಿಮೆ ಅದೇ ಬಿಸಿಲು. ಚಾಂದ್ರಮಾನದ ವರ್ಷ ನಮ್ಮ ಕ್ಯಾಲೆಂಡರಿಗಿಂತ ಹತ್ತು–ಹನ್ನೊಂದು ದಿನ ಕಡಿಮೆ, ಅಧಿಕ ಮಾಸದ ಲೆಕ್ಕವೂ ಅವರಲ್ಲಿಲ್ಲ. ಹಾಗಾಗಿ ರಂಜಾನ್ ಪ್ರತಿ ವರ್ಷ ಅಷ್ಟು ದಿನ ಹಿಂದಕ್ಕೆ ಸರಿಯುತ್ತಾ ಎಲ್ಲ ಕಾಲಗಳನ್ನೂ ಸುತ್ತಿ ಬರುತ್ತದೆ. 2030ರಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರಿನ ಕೊನೆಗೊಮ್ಮೆ, ಒಂದೇ ವರ್ಷದಲ್ಲಿ ಎರಡು ಸಲ ಶುರುವಾಗುತ್ತದೆ. ಚಳಿಗಾಲದ ರೋಜಾ ಬೇರೆ, ಬೇಸಿಗೆಯ ರೋಜಾ ಬೇರೆ. ರಾತ್ರಿ ಬಂದು ರಾತ್ರಿಯೇ ಹೋಗುವವನಿಗೆ ಎರಡೂ ಒಂದೇ.

ಹೆಂಗಸರ ಮಾತಂತೂ ಯಾರೂ ಎತ್ತುವುದೇ ಇಲ್ಲ. ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಸಹರಿಗೆ ಅಡುಗೆ ಮಾಡುವವಳು ಅವಳು. ಹಗಲು ರೋಜಾ ಇದ್ದುಕೊಂಡೇ ಮಕ್ಕಳಿಗೆ ಊಟ ಕೊಟ್ಟು, ಮತ್ತೆ ಇಫ್ತಾರಿಗೆ ಹಣ್ಣು ಹೆಚ್ಚುವವಳೂ ಅವಳೇ. ಬೀದಿಯ ಸ್ಟಾಲಿನಲ್ಲಿ ಅವಳು ಕಾಣುವುದಿಲ್ಲ. ಹಾಗಾಗಿ ಕ್ಯಾಮೆರಾದಲ್ಲೂ ಇಲ್ಲ.

ನಾನು ಮದೀನಾ ಸರ್ಕಲ್ಲಿನಿಂದ ಪತ್ತರಗಟ್ಟಿ ದಾಟಿ ಚಾರ್ಮಿನಾರಿನವರೆಗೆ ರಂಜಾನ್ ಸಂಜೆಗಳಲ್ಲಿ ನಡೆದಿದ್ದೇನೆ. ಅಜಾನಿಗೆ ಹತ್ತು ನಿಮಿಷ ಮೊದಲು ಆ ಬೀದಿಯಲ್ಲಿ ಒಂದು ಬದಲಾವಣೆ ಆಗುತ್ತದೆ. ಚೌಕಾಸಿಯ ಗದ್ದಲ ಕಡಿಮೆಯಾಗುತ್ತದೆ. ಅಂಗಡಿಯವನು, ಅವನ ಆಳು, ಹಮಾಲಿ ಒಂದೇ ಹಾಳೆಯ ಸುತ್ತ ಕೂರುತ್ತಾರೆ. ಹಾಳೆಯ ಮೇಲೆ ಖರ್ಜೂರ, ಹೆಚ್ಚಿದ ಕಲ್ಲಂಗಡಿ, ಒಂದಿಷ್ಟು ಪಕೋಡ, ನೀರು. ಎದುರಿಗೆ ತಿಂಡಿ ಇದೆ, ಹೊಟ್ಟೆಯಲ್ಲಿ ಹಸಿವಿದೆ, ಆದರೂ ಒಬ್ಬರ ಕೈಯೂ ಮುಂದೆ ಹೋಗುವುದಿಲ್ಲ. ಅಜಾನ್ ಕೇಳಿದ ಮೇಲೇ ಮೊದಲ ಖರ್ಜೂರ. ನನಗೂ ಕೊಟ್ಟಿದ್ದಾರೆ, ನೀನು ಯಾರು ಅಂತ ಕೇಳುವ ಮೊದಲೇ. ಒಮ್ಮೆ ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಬಳೆ ಅಂಗಡಿಯ ಹಿರಿಯರೊಬ್ಬರು "ಯಾವೂರ್ರಿ ನಿಮ್ದು?" ಅಂದರು. ವಾಡಿ ಕಡೆ ಅಂದೆ. "ನಮ್ಮ ಸೊಸಿ ಸೇಡಂದಾಕಿ ಅದಾಳ್ರಿ" ಅಂತ ನಕ್ಕರು. ಆ ಹತ್ತು ನಿಮಿಷಕ್ಕೆ ಸರಿಯಾಗಿ ನಮ್ಮ ತಿಂಡಿವೀರರು ಏನು ಮಾಡುತ್ತಿರುತ್ತಾರೆ ಗೊತ್ತೇ? ಹಲೀಮ್ ಕೌಂಟರಿನ ಕ್ಯೂನಲ್ಲಿ ಮುಂದೆ ನುಗ್ಗಿ, ಹಿಂದೆ ಮನೆಗೆ ಒಯ್ಯಲು ಡಬ್ಬಿ ಹಿಡಿದು ನಿಂತ ರೋಜಾದ ಹುಡುಗನಿಗೆ ಮೊಣಕೈ ತಾಗಿಸಿಕೊಂಡು ವಿಡಿಯೋ ಮಾಡುತ್ತಿರುತ್ತಾರೆ!

"ಅಲ್ಲಾ ಸ್ವಾಮಿ, ಮಾರುವವರೂ ಅವರೇ ತಾನೆ? ವ್ಯಾಪಾರ ಮಾಡಿದ್ದು ಅವರೇ, ನಾವು ತಿಂದರೆ ತಪ್ಪೇ?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ತಿಂದರೆ ತಪ್ಪಿಲ್ಲ, ತಿನ್ನಿ. ಚಿಲ್ಲರೆ ಅಂಗಡಿಯವರಿಂದ ಹಿಡಿದು ತಳ್ಳುಗಾಡಿಯವರವರೆಗೆ ಎಷ್ಟೋ ಮನೆಗಳ ವರ್ಷದ ದುಡಿಮೆಯ ದೊಡ್ಡ ಪಾಲು ಆ ತಿಂಗಳಿನದೇ. ರಂಜಾನ್ ಈಗ ಬರೀ ಶಾಪಿಂಗ್ ಆಗಿಬಿಟ್ಟಿದೆ ಅಂತ ಗೊಣಗುವ ಹಿರಿಯರು ಅವರಲ್ಲೂ ಇದ್ದಾರೆ. ಬೆಂಗಳೂರಿನ ಫ್ರೇಜರ್ ಟೌನಿನಲ್ಲಿ ಮಸೀದಿ ರಸ್ತೆಯ ರಂಜಾನ್ ತಿಂಡಿ ಮೇಳದ ಗದ್ದಲ, ಕಸದ ಬಗ್ಗೆ ಅಲ್ಲಿನ ನಿವಾಸಿಗಳೇ ದೂರಿದ್ದು 2023ರಲ್ಲಿ ದೊಡ್ಡ ಸುದ್ದಿಯಾಯಿತು. ಮಾರುವವನು ಮಾರಲಿ, ಅದು ಅವನ ಹೊಟ್ಟೆಪಾಡು. ಆದರೆ ನಾನು ಏನು ನೋಡಲು ಬಂದೆ, ಏನು ಬರೆದೆ ಅನ್ನುವುದಕ್ಕೆ ಜವಾಬು ಹೇಳಬೇಕಾದವನು ನಾನೇ, ಅಂಗಡಿಯವನಲ್ಲ.

ಹಗಲು ಬಿಟ್ಟು ರಾತ್ರಿ ನೋಡಿದವನು ಅರ್ಧ ನೋಡಿದ ಹಾಗೂ ಅಲ್ಲ. ಏನೂ ನೋಡದ ಹಾಗೆ. ಯಾಕಂದ್ರೆ ಆ ರಾತ್ರಿಗೆ ಅರ್ಥ ಬರುವುದೇ ಹಗಲಿನಿಂದ. ಹಸಿದವನ ಕಷ್ಟ ಹೊಟ್ಟೆಗೆ ಗೊತ್ತಾಗಲಿ ಅನ್ನುವುದೂ ಆ ಉಪವಾಸದ ಒಂದು ಉದ್ದೇಶ. ಉಳಿತಾಯದ ಶೇಕಡ ಎರಡೂವರೆ ಜಕಾತ್ ಕೊಡುವವರು ಹೆಚ್ಚಾಗಿ ಈ ತಿಂಗಳಲ್ಲೇ ಕೊಡುತ್ತಾರೆ. ಹಬ್ಬದ ನಮಾಜಿಗೆ ಮೊದಲು ಫಿತ್ರಾ ಕೊಡಬೇಕು, ಬಡವರ ಮನೆಯಲ್ಲೂ ಅಂದು ಒಲೆ ಹೊತ್ತಲಿ ಅಂತ. ಇದೆಲ್ಲ ಬಿಟ್ಟು ಕಬಾಬ್ ಮಾತ್ರ ಎತ್ತಿಕೊಂಡು ಬರುವುದೆಂದರೆ, ಶಿವರಾತ್ರಿಗೆ ಬಂದವನು ಜಾಗರಣೆಯ ಹೊತ್ತಿಗೆ ನಿದ್ದೆ ಹೊಡೆದು ಮರುದಿನದ ಪ್ರಸಾದಕ್ಕೆ ಸರಿಯಾಗಿ ಎದ್ದ ಹಾಗಾಯಿತು.

ಇನ್ನು ನನ್ನ ಜಗಳದ ನಿಜವಾದ ಕಾರಣಕ್ಕೆ ಬರುತ್ತೇನೆ. ಬೆಂಗಳೂರಿನವರಿಗೆ ಹೈದರಾಬಾದ್ ಪ್ರವಾಸದ ಊರಾದರೆ ಆಗಲಿ. ನಮಗೆ, ಅಂದರೆ ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ಕಡೆಯವರಿಗೆ ಅದು ಹಳೆಯ ರಾಜಧಾನಿ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಓಡತೊಡಗಿದ್ದು 1874ರಲ್ಲಿ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮನ ಪ್ರಜೆಗಳು, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದವರು. 2019ರಲ್ಲಿ ಕಲ್ಯಾಣ ಕರ್ನಾಟಕ ಅಂತ ಹೆಸರು ಬದಲಾಗುವವರೆಗೆ ನಮ್ಮ ಪ್ರದೇಶದ ಹೆಸರಿನಲ್ಲೇ ಆ ಊರಿತ್ತು. ನಮ್ಮ ಮಾತಿನ ದವಾಖಾನೆ, ತಹಸೀಲ್ದಾರ, ಭೀ ಎಲ್ಲ ಆ ನಂಟಿನವೇ. ಅಲ್ಲಿನ ಹಳೇ ಮನೆಗಳ ನೆಲ ನೋಡಿ, ಶಹಾಬಾದಿ ಕಲ್ಲು! ನಮ್ಮ ಅಜ್ಜಂದಿರು ಸೀಳಿದ ಕಲ್ಲಿನ ಮೇಲೆ ಅವರು ಚಾಪೆ ಹಾಸಿ ರೋಜಾ ಬಿಡುತ್ತಾರೆ. ಅಂಥ ಊರಿನಲ್ಲಿ ನಾವು ಕುತ್ತಿಗೆಗೆ ಕ್ಯಾಮೆರಾ ತೂಗಿಸಿಕೊಂಡ ಪರದೇಶಿಗಳಾಗುವುದೇ?

ಹಾಗಂತ ಆ ನಂಟು ಬರೀ ಸಿಹಿ ಅಂತ ನಾನು ಸುಳ್ಳು ಹೇಳುವುದಿಲ್ಲ. 1948ರಲ್ಲಿ ರಜಾಕಾರರು ನಮ್ಮ ಹಳ್ಳಿಗಳಲ್ಲಿ ಮಾಡಿದ್ದು ಅಜ್ಜಿಯರ ಬಾಯಲ್ಲಿ ಇನ್ನೂ ಇದೆ. ಬಸವಕಲ್ಯಾಣ ಹತ್ತಿರದ ಗೋರಟಾದ ಹತ್ಯಾಕಾಂಡವನ್ನು ಯಾರು ಮರೆತಾರು? ಆದರೆ ಪೋಲೀಸ್ ಕಾರ್ಯಾಚರಣೆ ಆದಮೇಲೆ ಇದೇ ಗುಲ್ಬರ್ಗಾ, ಬೀದರ್, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಲ್ಲಿ ಸಾವಿರಾರು ಮುಸ್ಲಿಮರು ಸತ್ತದ್ದು? ಕೇಂದ್ರ ಸರಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಇಡೀ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಅಂತ ಅಂದಾಜು ಮಾಡಿತು. ಆ ವರದಿ ಜನರ ಕೈಗೆ ಸಿಗಲು 2013 ಆಗಬೇಕಾಯಿತು. ಮೊದಲನೆಯದನ್ನು ಹೇಳುವವರು ಎರಡನೆಯದನ್ನು ಹೇಳುವುದಿಲ್ಲ, ಎರಡನೆಯದನ್ನು ಹೇಳುವವರು ಮೊದಲನೆಯದನ್ನು ನುಂಗುತ್ತಾರೆ. ಎರಡೂ ನಮ್ಮ ಮನೆಯಂಗಳದಲ್ಲೇ ನಡೆದದ್ದು. ಇಷ್ಟೆಲ್ಲ ನಡೆದ ಮೇಲೂ ಹಬ್ಬಕ್ಕೆ ಸುರಕುಂಬಾ ತುಂಬಿದ ಡಬ್ಬಿ ಆಚೆ ಮನೆಯಿಂದ ಈಚೆ ಮನೆಗೆ ಬರುತ್ತದೆ, ಮೊಹರಮ್ಮಿನಲ್ಲಿ ನಮ್ಮವರೇ ಅಲಾಯಿ ಕುಣಿಯುತ್ತಾರೆ. ಹೀಗೆ ಕಷ್ಟಪಟ್ಟು ಉಳಿದುಕೊಂಡ ನಂಟನ್ನು "ಅಲ್ಲಿ ಹೋಗಬ್ಯಾಡ" ಅನ್ನುವ ಭಯವೂ ಕೊಲ್ಲುತ್ತದೆ, "ಅಲ್ಲಿ ಸಖತ್ ತಿಂಡಿ" ಅನ್ನುವ ಚಪಲವೂ ಕೊಲ್ಲುತ್ತದೆ. ಇಬ್ಬರೂ ಆ ಬೀದಿಯ ಮನುಷ್ಯನ ಜೊತೆ ಒಂದು ಮಾತು ಆಡಿರುವುದಿಲ್ಲ.

ಇದು ನಮ್ಮ ಕಡೆಯ ಮಾತು ಮಾತ್ರ ಅಲ್ಲ. ಕರಾವಳಿ ಪ್ರವಾಸ ಬರೆಯುವ ಗೆಳೆಯರೇ, ಮುರುಡೇಶ್ವರ ಇರುವುದು ಭಟ್ಕಳ ತಾಲೂಕಿನಲ್ಲಿ. ಮುರುಡೇಶ್ವರದ ಮೇಲೆ ಎಷ್ಟು ಲೇಖನ ಬಂದಿವೆ! ಪಕ್ಕದ ಭಟ್ಕಳ ಪೇಟೆಯ ಮೇಲೆ? ಅದು ನಮ್ಮ ರಾಜ್ಯದೊಳಗೇ ಮುಸ್ಲಿಮರು ಬಹುಸಂಖ್ಯಾತರಾಗಿರುವ ಊರು. ನವಾಯತರಿಗೆ ತಮ್ಮದೇ ಭಾಷೆ ಇದೆ, ಅಡುಗೆ ಇದೆ. ಅದೇ ಊರಿನಲ್ಲಿ ಹಳೆಯ ಜೈನ ಬಸದಿ ಇದೆ, ಸೊಗಸಾದ ಕೆತ್ತನೆಯ ಖೇತಪೈ ನಾರಾಯಣ ದೇವಸ್ಥಾನ ಇದೆ. ಪೇಪರಿನಲ್ಲಿ ಭಟ್ಕಳ ಬರುವುದು ಗಲಾಟೆಯ ಸುದ್ದಿಗೆ ಮಾತ್ರ. ನಾವಾದರೂ ಬೇರೆ ಏನಾದರೂ ಬರೆದಿದ್ದೇವೆಯೇ?

ಬರೀ ಬೈದು ಹೋದ ಅನ್ನಬೇಡಿ, ಹೋಗುವವರಿಗೆ ನಾಲ್ಕು ಉಪಯೋಗದ ಮಾತು. ಬೆಳಿಗ್ಗೆಯೇ ಹೋಗಿ. ಆ ಹೊತ್ತಿಗೆ ಚಾರ್ಮಿನಾರ್ ಬಳಿ ಜನ ಕಡಿಮೆ, 1591ರ ಆ ಕಟ್ಟಡವನ್ನು ತಲೆಯೆತ್ತಿ ನೋಡಲು ಜಾಗ ಸಿಗುತ್ತದೆ. ಸಾಲಾರ್ ಜಂಗ್ ಮ್ಯೂಸಿಯಮ್ಮು, ಚೌಮಹಲ್ಲಾ ಅರಮನೆ ಎರಡಕ್ಕೂ ಶುಕ್ರವಾರ ರಜೆ, ನೆನಪಿರಲಿ. ಮೆಕ್ಕಾ ಮಸೀದಿಗೆ ನಮಾಜಿನ ಹೊತ್ತು ಬಿಟ್ಟು ಹೋಗಿ, ಮೈ ತುಂಬ ಬಟ್ಟೆ ಇರಲಿ. ನೀರು ಕುಡಿಯಬೇಕೆನಿಸಿದರೆ ಕುಡಿಯಿರಿ, ಸ್ವಲ್ಪ ಪಕ್ಕಕ್ಕೆ ಸರಿದು. ಮಧ್ಯಾಹ್ನ ಲಾಡ್ ಬಜಾರಿನಲ್ಲಿ ಅರಗಿನ ಬಳೆ ಮಾಡುವವರ ಪಕ್ಕ ಹತ್ತು ನಿಮಿಷ ನಿಂತು ನೋಡಿ. ಸಂಜೆ ಅಜಾನ್ ಆದ ತಕ್ಷಣ ಕೌಂಟರಿಗೆ ನುಗ್ಗಬೇಡಿ. ಅರ್ಧ ಗಂಟೆ ಬಿಡಿ, ಹಸಿದವರು ಮೊದಲು ತಿನ್ನಲಿ. ಆಮೇಲೆ ನಿಮ್ಮ ಪ್ಲೇಟು ನಿಮಗಿದ್ದೇ ಇದೆ.

ಮತ್ತೆ ಬರೆಯುವ ಗೆಳೆಯರಿಗೆ ಒಂದೇ ಬೇಡಿಕೆ. ಮುಂದಿನ ಸಲ ರಂಜಾನ್ ಪ್ರವಾಸದ ಬಗ್ಗೆ ಬರೆಯುವಾಗ, ಸೂರ್ಯ ಮುಳುಗುವುದಕ್ಕೆ ಮೊದಲು ನೀವು ಕಂಡದ್ದೊಂದನ್ನು ಅದರಲ್ಲಿ ಸೇರಿಸಿ. ಒಬ್ಬ ಮನುಷ್ಯ, ಅವನಾಡಿದ ಒಂದು ಮಾತು, ಅಷ್ಟಾದರೂ ಸಾಕು. ಅದು ಇಲ್ಲದಿದ್ದರೆ ದಯವಿಟ್ಟು ಶೀರ್ಷಿಕೆಯಲ್ಲಿ ರಂಜಾನ್ ಅಂತ ಹಾಕಬೇಡಿ. "ನಾನು ತಿಂದದ್ದು" ಅಂತ ಹಾಕಿ, ಸುಳ್ಳಾದರೂ ತಪ್ಪೀತು.

ಏನಂತೀರಿ? ಜಗಳಕ್ಕೆ ನಾನು ತಯಾರು :)